ಯಾವ ನಾವು, ಮೇಡಂ?

ಬಳಕೆ ಕನ್ನಡ. ವಾರಕ್ಕೆ ಎರಡು ಪೀರಿಯಡ್ಡು,
ಅದೂ ಊಟ ಮುಗಿದ ಮೇಲಿನ ನಿದ್ದೆಗಣ್ಣಿನ ಹೊತ್ತು.
ಹನ್ನೊಂದು ಮಕ್ಕಳು, ಒಂದು ಫ್ಯಾನು.
ಕಿಟಕಿಯಾಚೆ ಟೊಮೇಟೊ ಕ್ರೇಟು ಹೇರಿಕೊಂಡ ಲಾರಿಗಳು
ಕೋಲಾರದ ಮಂಡಿ ಕಡೆಗೆ ಹಾರನ್ನು ಒತ್ತುತ್ತ ಹೋಗುತ್ತವೆ;
ಅವು ದಾಟುವವರೆಗೆ
ನನ್ನ ವ್ಯಾಕರಣ ಬಾಯಿ ಮುಚ್ಚಿಕೊಂಡಿರುತ್ತದೆ.

ಅವತ್ತು ಬೋರ್ಡಿನ ಮೇಲೆ ಬರೆದಿದ್ದೆ:
ನಾನು, ನೀನು, ಅವಳು, ನಾವು.
ಹರ್ಗೇಸಾದ ಹೊದಾನ್ ಕೈ ಎತ್ತಿದಳು.
"ಯಾವ ನಾವು, ಮೇಡಂ?"

ಯಾವ ಅಂದರೆ?
ಅವಳ ಭಾಷೆಯಲ್ಲಿ ಎರಡಂತೆ.
ಇನ್ನಗ: ಕೇಳುತ್ತಿರುವ ನೀನೂ ಸೇರಿ ನಾವು.
ಅನ್ನಗ: ನಿನ್ನನ್ನು ಬಿಟ್ಟು ನಾವು.
"ಕನ್ನಡದ್ದು ಯಾವುದು? ನಾನು ಒಳಗೋ, ಹೊರಗೋ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ಕೇಳಬೇಕಾಗಿದ್ದವಳು ನಾನು.
ಮುಳಬಾಗಿಲಿನ ನಮ್ಮ ಮನೆಯಲ್ಲೂ ಎರಡೇ,
ಮನಮು, ಮೇಮು.
ತೆಲುಗನ್ನು ಅಡುಗೆಮನೆಯಲ್ಲಿ ಬಿಟ್ಟು
ಕನ್ನಡ ಉಟ್ಟುಕೊಂಡು ಶಾಲೆಗೆ ಹೋದವಳು;
ಎರಡರಲ್ಲೊಂದು ನಾವು ದಾರಿಯಲ್ಲೆಲ್ಲೋ
ಬಿದ್ದುಹೋದದ್ದು ಗೊತ್ತೇ ಆಗಿರಲಿಲ್ಲ.

"ಕನ್ನಡದಲ್ಲಿ ಒಂದೇ ಕಣಮ್ಮ."
"ಮತ್ತೆ ಜನಕ್ಕೆ ಹೇಗೆ ಗೊತ್ತಾಗುತ್ತೆ?"
ಬೆಲ್ಲು ಹೊಡೆಯಿತು, ಬದುಕಿದೆ.

ವಾರ್ಷಿಕೋತ್ಸವದ ದಿನ ಪ್ರಿನ್ಸಿಪಾಲರು
ಮೈಕಿನಲ್ಲಿ ಹೇಳಿದರು, ನಾವೆಲ್ಲ ಒಂದೇ ಕುಟುಂಬ.
ಫೋಟೊಕ್ಕೆಂದು ಹನ್ನೊಂದೂ ಮಕ್ಕಳನ್ನು
ಮುಂದಿನ ಸಾಲಿಗೆ ಕರೆದು
ಕೈಗೊಂದೊಂದು ಕಾಗದದ ಬಾವುಟ ಕೊಟ್ಟರು.
ಭೂತಾನದ ಹುಡುಗನಿಗೆ ಶ್ರೀಲಂಕಾದ್ದು ಸಿಕ್ಕಿತು.
ಪಾಪ, ಅದನ್ನೇ ಬೀಸಿದ.
ಫೋಟೊ ಆಯಿತು. ಏಳ್ರಪ್ಪಾ, ಗೆಸ್ಟುಗಳು ಕೂರಬೇಕು.

ರೂಮು ಹುಡುಕಲು ಹೊದಾನ್ ಜೊತೆಗೆ ಕರೆದಳು.
ಗಲ್‌ಪೇಟೆಯಲ್ಲಿ ಮೂರನೇ ಮನೆ.
ಬಾಗಿಲ ಹೆಂಗಸು ಅವಳ ಹಿಜಾಬು ನೋಡಿ,
ನನ್ನ ಕುಂಕುಮ ನೋಡಿ,
ನನ್ನೊಬ್ಬಳಿಗೇ, ಮೆತ್ತಗೆ, ಮನೆಮಾತಿನಲ್ಲಿ ಅಂದಳು:
"ಮೇಮು ಅಲಾಂಟಿವಾಳ್ಳಕಿ ಇಯ್ಯಮಮ್ಮಾ."
ಎಷ್ಟು ಮರ್ಯಾದೆಯಿಂದ ಎಂದರೆ
ನಾನು ಹೂಂ ಅಂದುಬಿಟ್ಟಿದ್ದೆ.

ಹೊದಾನ್‌ಗೆ ತೆಲುಗು ಬಾರದು.
ಮೆಟ್ಟಿಲಿಳಿಯುತ್ತ ಕೇಳಿದಳು,
"ಅದು ಅನ್ನಗ, ಅಲ್ಲವಾ?"

ಆಮೇಲೆ ಹಾಸ್ಟೆಲಿನ ಬೋರು ಕೆಟ್ಟ ವಾರ.
ಹಾಜರಿ ಪುಸ್ತಕ ಕೊಡಲು ಹೋದವಳು ಗೇಟಿನಲ್ಲೇ ನಿಂತೆ.
ಟ್ಯಾಂಕರಿನ ಹಿಂದೆ ಬಕೆಟ್ಟು, ಕೊಡ, ಪೇಂಟಿನ ಡಬ್ಬ.
ಶ್ರೀನಿವಾಸಪುರದ ಮುನಿರತ್ನ,
ಮಾಲೂರಿನ ಅಫ್ಶಾನ್, ಇಬ್ಬರ ನಡುವೆ ಇವಳು,
ಲಂಗ ಎತ್ತಿ ಸಿಕ್ಕಿಸಿಕೊಂಡು:
"ಏನಣ್ಣಾ, ನಮ್ಗೆ ಬಿಡೋದು ಯಾವಾಗ?
ಬೆಳಿಗ್ಗೆಯಿಂದ ನಿಂತಿದ್ದೀವಿ!"

ನಾನು ಹೇಳಿಕೊಟ್ಟದ್ದು ನಿಂತಿದ್ದೇವೆ.
ಆ "ದ್ದೀವಿ" ಅವಳಿಗೆ ಸಾಲಿನಲ್ಲಿ ಸಿಕ್ಕಿದ್ದು.
ಟ್ಯಾಂಕರಿನವನು ಯಾವ ನಾವು ಎಂದು ಕೇಳಲಿಲ್ಲ.
ಎಲ್ಲರಿಗೂ ಬೈಯುವಷ್ಟೇ ಬೈದು
ಪೈಪು ಅತ್ತ ತಿರುಗಿಸಿದ.
ಮುನಿರತ್ನಳ ಕೊಡ ತುಂಬುವ ಮೊದಲೇ
ಇವಳು ತನ್ನದನ್ನು ನೂಕಿದಳು;
ಜಗಳ ಶುರುವಾಯಿತು, ಒಳ್ಳೆಯ ಜಗಳ,
ಅಕ್ಕತಂಗಿಯರು ಬಾಚಣಿಗೆಗೆ ಆಡುವಂಥದ್ದು.
ತಿದ್ದಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

ರೂಮು ಇನ್ನೂ ಸಿಕ್ಕಿಲ್ಲ.
ಭಾನುವಾರ ನಾಲ್ಕನೇ ಮನೆ.
ಬಾಗಿಲು ತೆಗೆದವರು ಇವಳನ್ನು ನೋಡಿ
ನನ್ನ ಕಡೆ ತಿರುಗುವ ಮುಂಚೆ ನಾನೇ ಹೇಳಬೇಕು.
ಮಾ ಪಿಲ್ಲ ಅಂದರೆ ನಮ್ಮವಳು, ನಿನಗೆ ಸಂಬಂಧವಿಲ್ಲ.
ಮನ ಪಿಲ್ಲ ಅಂದರೆ
ನನ್ನವಳು, ನಿನ್ನವಳೂ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಭ್ಯಾಸ ತಪ್ಪಿದ ನಾಲಿಗೆ.
ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು
ತುಟಿಯಲ್ಲೇ ಹೇಳಿಕೊಳ್ಳುತ್ತೇನೆ,
ಪರೀಕ್ಷೆಗೆ ಹೊರಟ ಮಗುವಿನ ಹಾಗೆ:
ಮನ. ಮನ. ಮನ.